ಪ್ಯಾರಾಚೂಟ್ ಸೈನಿಕನ ಪ್ರಶಸ್ತಿಪತ್ರಗಳು



ಚರಿತ್ರೆಯ ಆಕರಗಳನ್ನು ಕುರಿತು ವರ್ಷಕ್ಕೊಂದು ಉಪನ್ಯಾಸ ನಡೆಯಬೇಕೆಂಬುದು ಈ ದತ್ತಿಯನ್ನು ಸ್ಥಾಪಿಸಿದವರ ಸಂಕಲ್ಪ. ಶಾಸನ, ತಾಮ್ರಪಟ, ಓಲೆಗರಿ, ಕಡತ ಇವು ನಮಗೆ ಬಳಕೆಯಾದ ಆಕರಗಳು. ಅವನ್ನು ಕುರಿತು ನನಗಿಂತ ಬಲ್ಲವರು ಮಾತನಾಡಿದ್ದಾರೆ, ಇನ್ನೂ ಮಾತನಾಡುವರು. ನಾನು ಇಂದು ಎತ್ತಿಕೊಂಡಿರುವುದು ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ವಾಯುಪಡೆಗೆ ಸೇರಿದ್ದ ಪ್ಯಾರಾಚೂಟ್ ಸೈನಿಕರಿಗೆ ಅವರ ಸೇನೆ ಬರೆದುಕೊಟ್ಟ ಪ್ರಶಸ್ತಿಪತ್ರ, ಬಡ್ತಿಪತ್ರಗಳನ್ನು, ಮತ್ತು ಅವನ್ನು ಸಂಗ್ರಹಿಸುವ ವ್ಯವಸಾಯವನ್ನು. ಆ ಸೇನೆ ಯಾವ ಪ್ರಭುತ್ವದ ಊಳಿಗದಲ್ಲಿತ್ತು, ಆ ಪ್ರಭುತ್ವ ಎಂಥ ಘೋರಕೃತ್ಯಗಳನ್ನೆಸಗಿತು ಎಂಬುದು ಲೋಕವಿದಿತವಾಗಿರುವಾಗ, ಅದು ತನ್ನ ಭಟರ ಬೆನ್ನು ತಟ್ಟಿ ಕೊಟ್ಟ ಕಾಗದಗಳನ್ನು ಕೂಡಿಡುವುದು ಸಭ್ಯರಿಗೆ ಒಪ್ಪುವ ಕೆಲಸವೇ ಎಂದು ನಿಮ್ಮಲ್ಲಿ ಕೆಲವರಾದರೂ ಮನಸ್ಸಿನಲ್ಲೇ ಕೇಳಿಕೊಂಡಿರಬಹುದು. ಹದ್ದು ಸ್ವಸ್ತಿಕಗಳ ಮೋಹಕ್ಕೆ ಮರುಳಾಗಿ ಇವನ್ನು ಗಾಜಿನ ಬೀರುವಿನಲ್ಲಿಟ್ಟು ಆರಾಧಿಸುವ ಜನ ಉಂಟೆಂಬುದನ್ನು ನಾನು ಮರೆಮಾಚಲಾರೆ. ಅವರ ವಿಷಯದಲ್ಲಿ ನನಗೆ ಗೌರವವಿಲ್ಲ, ನನ್ನ ಮಾತು ಅವರನ್ನು ಉದ್ದೇಶಿಸಿದ್ದೂ ಅಲ್ಲ. ಕಾಗದವನ್ನು ಸಾಕ್ಷಿಯ ಕಟಕಟೆಯಲ್ಲಿ ನಿಲ್ಲಿಸಿ, ಪಾಟೀಸವಾಲಿಗೆ ಒಳಪಡಿಸಿ, ಅದು ಹೇಳಿದ್ದೆಷ್ಟು, ಹೇಳದೆ ನುಂಗಿಕೊಂಡದ್ದೆಷ್ಟು ಎಂದು ತೂಗಿ ನೋಡುವ ಸಂಗ್ರಾಹಕ ಬೇರೊಂದು ಜಾತಿಯವನು. ಅವನ ವಿದ್ಯೆಯೇ ಇಂದಿನ ವಿಷಯ.

ಆ ಸೇನೆಯಲ್ಲಿ ಸೈನಿಕನ ಬಾಳು ಮುಖ್ಯವಾಗಿ ಎರಡು ಪುಸ್ತಿಕೆಗಳಲ್ಲಿ ಅಡಕವಾಗಿತ್ತು. ಒಂದು ಸೋಲ್ಡ್‌ಬುಖ್, ಎಂದರೆ ಸಂಬಳದ ಪುಸ್ತಕ. ಅದು ಗುರುತಿನ ಚೀಟಿಯೂ ಆಗಿದ್ದು, ರಣರಂಗದಲ್ಲೂ ಅವನ ಅಂಗಿಯ ಜೇಬಿನಲ್ಲಿ ಇರತಕ್ಕದ್ದು. ಇನ್ನೊಂದು ವೇರ್‌ಪಾಸ್, ಸೇವಾಪುಸ್ತಕ. ಅವನು ಸೇವೆಯಲ್ಲಿರುವವರೆಗೆ ಅದು ದಳದ ಕಚೇರಿಯಲ್ಲಿದ್ದು, ಬಿಡುಗಡೆಯಾದಾಗ ಅವನ ಕೈಗೂ, ಮಡಿದನಾದರೆ ಮನೆಯವರ ಕೈಗೂ ಸೇರುವಂಥದು. ಸಂಬಳದ ಪುಸ್ತಕದ ಮೊದಲ ಪುಟದಲ್ಲಿ ಬಡ್ತಿಗಳನ್ನು ತಾರೀಖುಸಹಿತ ಒಂದರ ಕೆಳಗೊಂದು ನಮೂದಿಸುತ್ತಿದ್ದರು. 22ನೆಯ ಪುಟದಲ್ಲಿ ಪದಕಗಳನ್ನು. ಇವೆರಡರ ಜೊತೆಗೆ, ಪದಕವೊಂದು ದೊರೆತಾಗಲೆಲ್ಲ ಅದಕ್ಕೆ ಸಂಬಂಧಿಸಿದ ಬಿಡಿ ಹಾಳೆಯೊಂದು ಬರುತ್ತಿತ್ತು: ಹೆಚ್ಚು ಕಡಮೆ ಅಂಗೈಯಗಲದ್ದು, ಮಡಿಸಿ ಜೇಬಿನಲ್ಲಿಟ್ಟುಕೊಳ್ಳಲು ಅನುಕೂಲವಾದದ್ದು. ಲೋಹದ ಪದಕಗಳನ್ನು ಕಾರ್ಖಾನೆಗಳು ರಾಶಿರಾಶಿಯಾಗಿ ಅಚ್ಚುಹಾಕಿದುವು; ಒಂದರಂತೆಯೇ ಇನ್ನೊಂದು, ಯಾರ ಎದೆಯ ಮೇಲೆ ಕುಳಿತಿತ್ತೆಂಬುದರ ಸುಳಿವು ಅದರಲ್ಲಿಲ್ಲ. ಹಾಳೆಯಲ್ಲಾದರೋ ಹೆಸರಿದೆ, ದರ್ಜೆಯಿದೆ, ದಳವಿದೆ, ಸ್ಥಳ ಮತ್ತು ತಾರೀಖಿದೆ. ಆದಕಾರಣವೇ ವಿವೇಕಿಯಾದ ಸಂಗ್ರಾಹಕ ಪದಕವನ್ನು ಬಿಟ್ಟು ಕಾಗದದ ಬೆನ್ನು ಹತ್ತುತ್ತಾನೆ.

ಒಂದು ಹಾಳೆಯನ್ನು ಹತ್ತಿರದಿಂದ ನೋಡೋಣ. ಐರನ್ ಕ್ರಾಸ್ ಎಂದು ಪ್ರಸಿದ್ಧವಾದ ಕಬ್ಬಿಣದ ಶಿಲುಬೆ 1813ರಲ್ಲಿ, ನೆಪೋಲಿಯನ್ನನ ವಿರುದ್ಧ ಹೋರಾಡುತ್ತಿದ್ದ ಪ್ರಷ್ಯದ ಅರಸು ಮೂರನೆಯ ಫ್ರೆಡರಿಕ್ ವಿಲಿಯಂ ಸ್ಥಾಪಿಸಿದ ಗೌರವ. 1870ರಲ್ಲಿಯೂ 1914ರಲ್ಲಿಯೂ ಮತ್ತೆ ಜೀವ ತಳೆದು, ಪೋಲೆಂಡಿನ ಮೇಲೆ ದಾಳಿಯಾದ 1939ರ ಸೆಪ್ಟೆಂಬರ್ 1ರಂದು ಹಿಟ್ಲರನ ಆಜ್ಞೆಯಿಂದ ನಾಲ್ಕನೆಯ ಸಲ ಹುಟ್ಟಿತು. ಅದರ ಎರಡನೆಯ ದರ್ಜೆಯ ಪ್ರಶಸ್ತಿಪತ್ರದ ನೆತ್ತಿಯ ಮೇಲೆ, ಫ್ಯೂರರನ ಹಾಗೂ ಸೇನೆಯ ಪರಮಾಧಿಪತಿಯ ಹೆಸರಿನಲ್ಲಿ ದಯಪಾಲಿಸಲಾಗಿದೆಯೆಂಬ ಒಕ್ಕಣೆ ಅಚ್ಚಾಗಿದೆ. ನಡುವೆ ಶಿಲುಬೆಯ ಚಿತ್ರ. ಖಾಲಿ ಬಿಟ್ಟ ಸಾಲುಗಳಲ್ಲಿ ಗುಮಾಸ್ತನು ಟೈಪ್ ಮಾಡಿದ ದರ್ಜೆ ಮತ್ತು ಹೆಸರು. ಕೆಳಗೆ ಊರು, ದಿನಾಂಕ. ಎಡಕ್ಕೆ ಕಚೇರಿಯ ದುಂಡು ಮೊಹರು. ಬಲಕ್ಕೆ ಸೇನಾನಿಯ ರುಜು. ಅಷ್ಟೆ. ಈ ಯೋಧನು ಏನು ಮಾಡಿದ್ದರಿಂದ ಈ ಗೌರವಕ್ಕೆ ಪಾತ್ರನಾದನೆಂಬ ಒಂದಕ್ಷರವೂ ಅದರಲ್ಲಿ ಇಲ್ಲ. ನಮ್ಮ ವೀರಗಲ್ಲಿನಲ್ಲಿ ತುರುಗೊಳಿನಲ್ಲಿ ಕಾದಿದವನೂ ಹುಲಿಯೊಡನೆ ಹೋರಿದವನೂ ತಾನು ಸತ್ತ ಕಾರಣವನ್ನು ಕಲ್ಲಿನ ಮೇಲೇ ಹೇಳಿಕೊಂಡಿರುತ್ತಾನೆ. ಯುರೋಪಿನ ಅತ್ಯಂತ ಶಿಸ್ತಿನ ದಫ್ತರದಿಂದ ಹೊರಟ ಈ ಪತ್ರ ಮಾತ್ರ ಆ ವಿಷಯದಲ್ಲಿ ಬಾಯಿ ಬಿಡುವುದಿಲ್ಲ.

ಈ ಮೌನಕ್ಕೆ ಕಾರಣ ಅಲೌಕಿಕವಾದುದೇನಲ್ಲ. ಕೃತ್ಯದ ವಿವರಣೆಯೆಲ್ಲ ಮೇಲಧಿಕಾರಿ ಬರೆದು ಕಳುಹಿಸಿದ ಶಿಫಾರಸಿನಲ್ಲಿರುತ್ತಿತ್ತು; ಶಿಫಾರಸು ಕಚೇರಿಯ ಕಡತದಲ್ಲಿ ಉಳಿದು, ಫಲ ಮಾತ್ರ ಸೈನಿಕನ ಕೈಗೆ ಬರುತ್ತಿತ್ತು. ಸೋಲು ಹೊಸ್ತಿಲಿಗೆ ಬಂದಾಗ ಜರ್ಮನ್ ವಾಯುಪಡೆಯ ದಾಖಲೆಗಳ ಬಹುಭಾಗವನ್ನು ಅದರ ಅಧಿಕಾರಿಗಳೇ ಸುಟ್ಟು ಹಾಕಿದುದರಿಂದ, ಕಡತ ಬೂದಿಯಾಗಿ, ಕೈಗೆ ಬಂದ ಹಾಳೆ ಉಳಿಯಿತು. ಬ್ರಿಟಿಷರ ಪದ್ಧತಿ ಇದಕ್ಕೆ ವಿಪರೀತ. ಬೆಂಗಳೂರಿನಲ್ಲಿ ನೆಲೆಯಿರುವ ಮದರಾಸು ಸ್ಯಾಪರ್ಸ್ ದಳದ ಸುಬೇದಾರ್ ಸುಬ್ರಮಣ್ಯಂ ಅವರು 1944ರಲ್ಲಿ ಇಟಲಿಯಲ್ಲಿ, ಸಿಡಿಯಲಿದ್ದ ನೆಲಬಾಂಬಿನ ಮೇಲೆ ತಮ್ಮ ದೇಹವನ್ನೇ ಕೆಡವಿ ಜೊತೆಗಾರರನ್ನು ಉಳಿಸಿ ಮಡಿದರು. ಮರಣೋತ್ತರವಾಗಿ ಅವರಿಗೆ ಜಾರ್ಜ್ ಕ್ರಾಸ್ ಸಂದಿತು. ಆ ಕೃತ್ಯದ ವರ್ಣನೆ ಲಂಡನ್ ಗೆಜೆಟಿನಲ್ಲಿ ಅಚ್ಚಾಗಿದೆ. ಆ ಯುದ್ಧದ ಇಂಥ ಶಿಫಾರಸುಗಳು ಲಂಡನ್ನಿನ ಕ್ಯೂ ಬಡಾವಣೆಯ ರಾಷ್ಟ್ರೀಯ ಪತ್ರಾಗಾರದಲ್ಲಿ ಡಬ್ಲ್ಯು.ಓ. 373 ಎಂಬ ಶ್ರೇಣಿಯಲ್ಲಿವೆ. ಯಾರು ಬೇಕಾದರೂ ಕೇಳಿ ಓದಬಹುದು. ಅದೇ ವರ್ಷ ಅದೇ ಇಟಲಿಯ ಮಾಂಟೆ ಕಸೀನೊ ಬೆಟ್ಟದಲ್ಲಿ ನಮ್ಮ ನಾಲ್ಕನೆಯ ಇಂಡಿಯನ್ ಡಿವಿಷನ್ನಿಗೆ ಎದುರು ನಿಂತವರು ಜರ್ಮನ್ ಪ್ಯಾರಾಚೂಟ್ ಸೈನಿಕರೇ. ಆ ಇಳಿಜಾರಿನ ಈ ಕಡೆಯ ಯೋಧ ಮಾಡಿದ್ದೇನೆಂದು ಗೆಜೆಟು ನೋಡಿ ತಿಳಿಯಬಹುದು. ಆ ಕಡೆಯವನು ಮಾಡಿದ್ದೇನೆಂಬುದನ್ನು ತಿಳಿಯಲು ಅವನ ಕಾಗದಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ಊಹಿಸುತ್ತ ಕೂಡಬೇಕು.

ಹಾಗೆ ಊಹಿಸುವುದು ಹೇಗೆ? ಹೆಸರಿಲ್ಲದ ಒಬ್ಬ ಭಟನ ಕಟ್ಟನ್ನು ಕಲ್ಪಿಸಿಕೊಳ್ಳೋಣ. ಇದನ್ನು ಹೋಲುವ ಕಟ್ಟುಗಳು ಯುರೋಪು, ಅಮೆರಿಕಗಳ ಸಂಗ್ರಹಗಳಲ್ಲಿ ವಿರಳವಲ್ಲ. ಮೊದಲನೆಯ ಹಾಳೆ ಪ್ಯಾರಾಚೂಟ್ ಬಿಲ್ಲೆಯದು. 1936ರ ನವೆಂಬರ್ 5ರಂದು ಸ್ಥಾಪಿತವಾದ ಈ ಬಿಲ್ಲೆಯಲ್ಲಿ, ಎಲೆಗಳ ಬಳೆಯೊಳಗೆ ಬೇಟೆಗೆರಗುವ ಬಂಗಾರದ ಬಣ್ಣದ ಹದ್ದು; ಅದನ್ನು ಪಡೆಯಲು ಆರು ಸಲ ವಿಮಾನದಿಂದ ಹಾರಿರಬೇಕು. ಬರ್ಲಿನ್ನಿನ ಪಶ್ಚಿಮಕ್ಕಿರುವ ಸ್ಟೆಂಡಾಲ್ ಊರಿನಲ್ಲಿ ಆ ಹಾರಾಟದ ಶಿಕ್ಷಣಶಾಲೆಯಿತ್ತು. ಆ ಸೇನೆಯ ಪ್ಯಾರಾಚೂಟು ಬೆನ್ನಿನ ಮೇಲುಗಡೆ ಒಂದೇ ಹಗ್ಗದಿಂದ ತೂಗುತ್ತಿದ್ದುದರಿಂದ, ಹಾರುವವನು ತಲೆ ಮುಂದಾಗಿ ಧುಮುಕಬೇಕು, ನೆಲ ತಾಕುವಾಗ ಮುಂಗೈ ಮೊಣಕಾಲುಗಳ ಮೇಲೆ ಮುಂದಕ್ಕೆ ಉರುಳಬೇಕು. ಇಳಿಯುವ ದಾರಿಯಲ್ಲಿ ಪ್ಯಾರಾಚೂಟನ್ನು ಅತ್ತಿತ್ತ ತಿರುಗಿಸಿಕೊಳ್ಳಲು ಸಾಧ್ಯವಿಲ್ಲ. ಬಂದೂಕುಗಳು ಬೇರೆ ಪೆಟ್ಟಿಗೆಗಳಲ್ಲಿ ಬೇರೆಯಾಗಿ ಇಳಿಯುತ್ತಿದ್ದುವು. ಪಿಸ್ತೂಲು, ಚಾಕು, ಒಂದಿಷ್ಟು ಕೈಬಾಂಬುಗಳಿಂದ ಹೆಚ್ಚಿನ ಆಯುಧವಿಲ್ಲದೆ ಶತ್ರುವಿನ ನಡುವೆ ಬಿದ್ದು, ಪೆಟ್ಟಿಗೆಯೆಲ್ಲಿದೆಯೆಂದು ಹುಡುಕುವಷ್ಟರಲ್ಲಿ ಎಷ್ಟೋ ಜನ ಸತ್ತರು. ಬಿಲ್ಲೆಯ ಹಾಳೆಯಲ್ಲಿ ಆ ಆರು ಹಾರಾಟಗಳು ಒಂದು ದಿನಾಂಕದ ಹಿಂದೆ ಅಡಗಿವೆ.

ಎರಡನೆಯದು ಐರನ್ ಕ್ರಾಸಿನ ಹಾಳೆ, 1941ರ ಜೂನ್ ತಿಂಗಳಿನದು. ಪ್ಯಾರಾಚೂಟ್ ದಳದ ಕಾಗದದಲ್ಲಿ ಆ ತಿಂಗಳನ್ನು ಕಂಡರೆ ಬಲ್ಲವನ ಮನಸ್ಸು ಕ್ರೀಟ್ ದ್ವೀಪಕ್ಕೆ ಓಡುತ್ತದೆ. 1941ರ ಮೇ 20ರ ಬೆಳಗ್ಗೆ ಮಾಲೆಮೆಯಿಂದ ಹೆರಾಕ್ಲಿಯೋನ್‌ವರೆಗಿನ ಉತ್ತರ ತೀರದ ಮೇಲೆ ಜನರಲ್ ಕುರ್ಟ್ ಸ್ಟುಡೆಂಟನ ಪಡೆ ಇಳಿಯತೊಡಗಿತು. ಏಳನೆಯ ವಾಯು ಡಿವಿಷನ್ನಿನ ನಾಯಕ ಜ್ಯೂಸ್‌ಮನ್ ಆ ದಿನವೇ ಗ್ಲೈಡರ್ ಒಡೆದು ಸತ್ತ. ಮಾಲೆಮೆಯ ಮೇಲೆ ಇಳಿದ ರೆಜಿಮೆಂಟಿನ ನಾಯಕ ಮೈಂಡ್ಲ್ ಗಾಯಗೊಂಡ. ನ್ಯೂಜಿಲೆಂಡಿನ ದಳವೊಂದು ಆ ರಾತ್ರಿ ಅಲ್ಲಿನ '107' ಎಂಬ ದಿಣ್ಣೆಯಿಂದ ಹಿಂದೆಗೆಯದೆ ಇದ್ದಿದ್ದರೆ ಇಡೀ ಕಾರ್ಯಾಚರಣೆಯೇ ಮಣ್ಣುಗೂಡುತ್ತಿತ್ತೆಂಬುದು ಬಹು ಮಂದಿ ಚರಿತ್ರಕಾರರ ಮತ. ಜಗಜ್ಜಟ್ಟಿ ಮುಷ್ಟಿಮಲ್ಲನಾಗಿದ್ದ ಮಾಕ್ಸ್ ಶ್ಮೆಲಿಂಗ್ ಕೂಡ ಅಂದು ಹಾರಿದವರಲ್ಲಿ ಒಬ್ಬ. ದ್ವೀಪ ಕೈವಶವಾಯಿತು, ಆದರೆ ಸುಮಾರು 4,000 ಮಂದಿ ಜರ್ಮನ್ನರು ಸತ್ತು ಅಥವಾ ಕಾಣೆಯಾಗಿ, ಅಷ್ಟು ದೊಡ್ಡ ಪ್ಯಾರಾಚೂಟ್ ದಾಳಿಯನ್ನು ಹಿಟ್ಲರ್ ಮತ್ತೆ ನಡೆಸಗೊಡಲಿಲ್ಲ.

ಈಗ ಸಂಬಳದ ಪುಸ್ತಕದ ಮೊದಲ ಪುಟಕ್ಕೆ ಬನ್ನಿ. ಆ ಬೇಸಗೆಯಲ್ಲಿ ನಮ್ಮ ಕಲ್ಪಿತ ಭಟ ಗೆಫ್ರೈಟರ್ ದರ್ಜೆಯಿಂದ ಓಬೆರ್‌ಯೇಗರ್ ದರ್ಜೆಗೆ ಏರಿದ್ದಾನೆ. ಬೇರೆ ದಳಗಳಲ್ಲಿ ಉಂಟೆರ್‌ಓಫಿಸಿಯರ್ ಎನಿಸಿಕೊಳ್ಳುವ ದರ್ಜೆಗೆ ಪ್ಯಾರಾಚೂಟಿನವರು ಇಟ್ಟುಕೊಂಡಿದ್ದ ಹೆಸರು ಅದು. ಪದಕದ ಪತ್ರಕ್ಕಿಂತ ಬಡ್ತಿಯ ನಮೂದೇ ಹೆಚ್ಚು ಸತ್ಯವಾದಿಯೆಂದು ನನ್ನ ಅನಿಸಿಕೆ. ಶಾಂತಿಕಾಲದಲ್ಲಿ ವರ್ಷಗಟ್ಟಲೆ ಕಾದು ಪಡೆಯುತ್ತಿದ್ದ ದರ್ಜೆ ಕೆಲವೇ ತಿಂಗಳಲ್ಲಿ ಸಿಕ್ಕಿತೆಂದರೆ, ಅವನ ಯೋಗ್ಯತೆ ಏನೇ ಇರಲಿ, ಮೇಲಿನ ಮೆಟ್ಟಿಲಲ್ಲಿದ್ದವರು ಖಾಲಿಯಾದರೆಂಬುದನ್ನು ಆ ತಾರೀಖು ತಾನಾಗಿ ಒಪ್ಪಿಕೊಳ್ಳುತ್ತದೆ. ಅಧಿಕಾರಿಗಳ ಬಡ್ತಿಪತ್ರದ ಠೀವಿ ಬೇರೆ. ದೊಡ್ಡ ಹಾಳೆ, ಉಬ್ಬಚ್ಚಿನ ಹದ್ದು. ಪ್ರತಿಜ್ಞೆಗೆ ನಿಷ್ಠನಾಗಿ ಕರ್ತವ್ಯ ನಡೆಸುವನೆಂಬ ನಿರೀಕ್ಷೆ, ಅದರ ಹಿಂದೆಯೇ ಅವನಿಗೆ ವಿಶೇಷವಾದ ರಕ್ಷಣೆ ಉಂಟೆಂಬ ಅಭಯ. ಆ ಅಭಯವನ್ನು ಹೊತ್ತ ಪತ್ರಗಳು ಎಷ್ಟು ಮಂದಿಯ ಶವಪೆಟ್ಟಿಗೆಯ ಹಿಂದೆ ಮನೆ ಸೇರಿದುವೋ!

ಮೂರನೆಯದು ಗಾಯದ ಬಿಲ್ಲೆಯ ಹಾಳೆ. ಒಂದು ಎರಡು ಗಾಯಗಳಿಗೆ ಕಪ್ಪು, ಮೂರು ನಾಲ್ಕಕ್ಕೆ ಬೆಳ್ಳಿ, ಐದಕ್ಕೂ ಮೇಲೆ ಚಿನ್ನದ ಬಣ್ಣ. ಉಳಿದ ಪತ್ರಗಳು ಕಾರಣ ಹೇಳದಿದ್ದರೂ ಇದೊಂದು ಹೇಳುತ್ತದೆ: ಎಂದು ಪೆಟ್ಟಾಯಿತು, ಎಷ್ಟನೆಯ ಸಲ. ಶಸ್ತ್ರದ ಗಾಯವೋ ಬೇರೆ ಬಗೆಯ ಹಾನಿಯೋ ಎಂದು ಎರಡು ಪದಗಳನ್ನೂ ಅಚ್ಚು ಹಾಕಿ, ಸಲ್ಲದುದನ್ನು ಗುಮಾಸ್ತನು ಹೊಡೆದುಹಾಕಲೆಂದು ಬಿಟ್ಟಿರುತ್ತಾರೆ. ಟೈಪ್‌ರೈಟರಿನ ಒಂದೇ ಅಕ್ಷರವನ್ನು ಸಾಲಾಗಿ ಕುಟ್ಟಿ ಮುಚ್ಚಿದ ಪದದ ಕೆಳಗೆ ಅಚ್ಚಿನ ಅಕ್ಷರಗಳು ಇನ್ನೂ ಇಣುಕುತ್ತಿರುತ್ತವೆ. ಹಿಮಹುಣ್ಣಿನಿಂದ ಬೆರಳು ಕಳೆದುಕೊಂಡವನಿಗೂ ಈ ಬಿಲ್ಲೆ ಸಲ್ಲುತ್ತಿತ್ತು. ಕ್ರೀಟಿನಲ್ಲಿ ಬದುಕಿ ಉಳಿದವರನ್ನು ಅದೇ ವರ್ಷದ ಶರತ್ಕಾಲದಲ್ಲಿ ಲೆನಿನ್‌ಗ್ರಾಡಿನ ಬಳಿ ನೆವಾ ನದಿಯ ದಂಡೆಗೆ, ಮಾಮೂಲು ಕಾಲಾಳುಗಳಂತೆ ಕಾದಲು ಕಳುಹಿಸಿದರಾಗಿ, ದ್ವೀಪದ ಬಿಸಿಲೂ ರಷ್ಯದ ಹಿಮವೂ ಒಂದೇ ಕಟ್ಟಿನಲ್ಲಿ ಎದುರಾಗುತ್ತವೆ. ಆ ಚಳಿಗಾಲವನ್ನು ಸಹಿಸಿದವರಿಗೆಂದು 1942ರ ಮೇ 26ರಂದು ಹೊರಡಿಸಿದ ಪದಕಕ್ಕೆ ಸೈನಿಕರೇ 'ಮಂಜುಗಟ್ಟಿದ ಮಾಂಸದ ಪದಕ'ವೆಂದು ಅಡ್ಡಹೆಸರಿಟ್ಟರು.

ಇನ್ನು ಕ್ರೀಟಿನ ತೋಳುಪಟ್ಟಿಯ ಹಾಳೆ. ಬಿಳಿಯ ಬಟ್ಟೆಯ ಮೇಲೆ ಹಳದಿ ನೂಲಿನಲ್ಲಿ ದ್ವೀಪದ ಹೆಸರು, ಎರಡು ಪಕ್ಕಕ್ಕೂ ಅಕ್ಯಾಂಥಸ್ ಎಲೆಯ ಅಲಂಕಾರ. 1942ರ ಅಕ್ಟೋಬರ್ 16ರಂದು, ಎಂದರೆ ಆ ದ್ವೀಪದ ಕದನ ಮುಗಿದು ಒಂದೂವರೆ ವರ್ಷವಾಗುವ ಹೊತ್ತಿಗೆ, ಅದು ಜಾರಿಗೆ ಬಂತು. ಆದುದರಿಂದ 1941ರ ದಿನಾಂಕ ಹೊತ್ತ ತೋಳುಪಟ್ಟಿಯ ಪತ್ರ ಎದುರಿಗೆ ಬಂದರೆ ಅದನ್ನು ಮಾರುವವನ ಕೈಗೇ ಹಿಂತಿರುಗಿಸಿ ನಮಸ್ಕಾರ ಹೇಳುವುದು ಕ್ಷೇಮ.

ಹೀಗೆ ನಾವು ಖೋಟಾ ಕಾಗದಗಳ ಸಂತೆಗೆ ಬಂದೆವು. ಈ ವ್ಯವಸಾಯದಲ್ಲಿ ದುಡ್ಡು ಓಡಾಡುವುದರಿಂದ ಖೋಟಾ ಪತ್ರ ತಯಾರಿಸುವವರಿಗೆ ಕೊರತೆಯಿಲ್ಲ. ಅಸಲಿ ಖಾಲಿ ನಮೂನೆಯನ್ನು ದೊರಕಿಸಿ, ಹಳೆಯ ಟೈಪ್‌ರೈಟರಿನಲ್ಲಿ ಹೆಸರು ಕುಟ್ಟಿ, ಚಹಾ ನೀರಿನಿಂದ ಕಾಗದಕ್ಕೆ ಮುಪ್ಪು ಬರಿಸುತ್ತಾರೆ. ಇವರನ್ನು ಹಿಡಿಯುವುದಕ್ಕೆ ದಳಗಳ ಚರಿತ್ರೆಯ ಅರಿವಿಗಿಂತ ಒಳ್ಳೆಯ ಆಯುಧವಿಲ್ಲ. ಏಳನೆಯ ವಾಯು ಡಿವಿಷನ್ನು ಒಂದನೆಯ ಪ್ಯಾರಾಚೂಟ್ ಡಿವಿಷನ್ನೆಂದು ಹೆಸರು ಬದಲಿಸಿಕೊಂಡದ್ದು 1943ರಲ್ಲಿ. ಆ ಹೊಸ ಹೆಸರು ಕ್ರೀಟ್ ಕಾಲದ ಪತ್ರದಲ್ಲಿದ್ದರೆ ಕಳ್ಳ ಸಿಕ್ಕಿಬಿದ್ದಂತೆ. ಮೇ 20ರಂದು ಸತ್ತ ಜ್ಯೂಸ್‌ಮನ್ನನ ರುಜು ಜೂನ್ ತಿಂಗಳ ಪತ್ರದ ಮೇಲಿದ್ದರೂ ಅಷ್ಟೆ. ಕಾಗದದ ಸಾಕ್ಷ್ಯವೂ ಉಂಟು: ಬೆಳ್ಳಗೆ ಕಾಣಿಸಲೆಂದು ಬೆರೆಸುವ ರಾಸಾಯನಿಕವು ಯುದ್ಧಾನಂತರ ಬಳಕೆಗೆ ಬಂದುದು, ನೇರಳಾತೀತ ದೀಪದಡಿಯಲ್ಲಿ ಅಂಥ ಹಾಳೆ ನೀಲಿಯಾಗಿ ಹೊಳೆಯುತ್ತದೆ, ಯುದ್ಧಕಾಲದ ಹಾಳೆ ಮಂಕಾಗಿಯೇ ಇರುತ್ತದೆ.

1983ರಲ್ಲಿ ಷ್ಟರ್ನ್ ಪತ್ರಿಕೆ ಸುಮಾರು 93 ಲಕ್ಷ ಮಾರ್ಕ್ ತೆತ್ತು ಕೊಂಡ 'ಹಿಟ್ಲರನ ದಿನಚರಿ'ಗಳ ಗುಟ್ಟು ರಟ್ಟಾದದ್ದರಲ್ಲೂ ಆ ರಾಸಾಯನಿಕಕ್ಕೆ ದೊಡ್ಡ ಪಾಲಿತ್ತು. ಅವನ್ನು ಬರೆದ ಕೊನ್ರಾಡ್ ಕುಯಾವು ಅದಕ್ಕೂ ಮುಂಚಿನಿಂದ ನಮ್ಮ ಸಂಗ್ರಾಹಕ ಮಹಾಶಯರಿಗೇ ಸೈನಿಕ ವಸ್ತುಗಳನ್ನು, ಅವು ಅಸಲಿಯೆಂದು ಹೇಳುವ ಖೋಟಾ ಚೀಟಿಗಳೊಡನೆ, ಮಾರುತ್ತಿದ್ದವನು. ದಿನಚರಿಯ ಕೈಬರಹವನ್ನು ಹೋಲಿಸಿ ನೋಡಲು ಪರಿಣತರಿಗೆ ಒದಗಿಸಿದ ಮಾದರಿಗಳಲ್ಲೇ ಕೆಲವು ಅವನ ಕೈಚಳಕವಾಗಿದ್ದುವಾಗಿ, ಖೋಟಾ ಖೋಟಾವನ್ನು ಹೋಲಿತು, ಪಂಡಿತರು ಸರಿಯೆಂದರು. ಕೇಂಬ್ರಿಡ್ಜಿನ ಟ್ರೆವರ್-ರೋಪರರಂಥ ಚರಿತ್ರಕಾರರೇ ಮೊದಲು ಮೋಸಹೋದ ಮೇಲೆ, ವಾರಾಂತ್ಯದ ಸಂತೆಯಲ್ಲಿ ಕಾಗದ ಕೊಳ್ಳುವವನ ಪಾಡನ್ನು ಏನೆನ್ನೋಣ!

ಖೋಟಾಕಾರನಿಗಿಂತಲೂ ನನಗೆ ಹೆಚ್ಚು ಅಸಹ್ಯವಾಗುವವನು ಕಟ್ಟು ಒಡೆಯುವ ವ್ಯಾಪಾರಿ. ಖೋಟಾಕಾರ ಸುಳ್ಳನ್ನು ಹೆಚ್ಚಿಸುತ್ತಾನೆ; ಇವನು ನಿಜವನ್ನು ಕತ್ತರಿಸುತ್ತಾನೆ. ಸೈನಿಕನ ವಿಧವೆಯೋ ಮೊಮ್ಮಗನೋ ಒಟ್ಟಾಗಿ ಮಾರಿದ ಆರೇಳು ಹಾಳೆಗಳನ್ನು ಬಿಡಿಬಿಡಿಯಾಗಿ ಹರಾಜಿಗಿಟ್ಟರೆ ಲಾಭ ಹೆಚ್ಚೆಂದು, ಕ್ರೀಟಿನ ಹಾಳೆಯನ್ನು ಒಬ್ಬನಿಗೂ ಗಾಯದ ಹಾಳೆಯನ್ನು ಮತ್ತೊಬ್ಬನಿಗೂ ಸಂಬಳದ ಪುಸ್ತಕವನ್ನು ಮೂರನೆಯವನಿಗೂ ಕೊಟ್ಟುಬಿಡುತ್ತಾನೆ. ನಾನು ಇದುವರೆಗೆ ವಿವರಿಸಿದ ಓದುಗಾರಿಕೆಯೆಲ್ಲ ಹಾಳೆ ಹಾಳೆಗೆ ತಾಳೆ ನೋಡುವುದರ ಮೇಲೆ ನಿಂತಿರುವುದರಿಂದ, ಆ ಕ್ಷಣದಲ್ಲಿ ಸಾಕ್ಷಿ ಮೂಕನಾಗುತ್ತಾನೆ. ಜರ್ಮನಿಯ ಕಾನೂನು ಇಂಥ ವಸ್ತುಗಳ ಸ್ವಸ್ತಿಕವನ್ನು ಬಹಿರಂಗವಾಗಿ ಪ್ರದರ್ಶಿಸುವುದನ್ನು, ಅಧ್ಯಯನ ಮೊದಲಾದ ಉದ್ದೇಶಗಳನ್ನು ಬಿಟ್ಟರೆ, ನಿಷೇಧಿಸಿದೆ. 1957ರ ಕಾಯಿದೆ ಹಳೆಯ ಯೋಧರಿಗೆ ಸ್ವಸ್ತಿಕ ತೆಗೆದ ಪದಕಗಳನ್ನು ಧರಿಸಲು ಅಪ್ಪಣೆ ಕೊಟ್ಟಿತು. ಕಟ್ಟು ಒಡೆಯುವುದನ್ನು ತಡೆಯುವ ಕಾಯಿದೆ ಯಾವ ದೇಶದಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಚದುರಿದ್ದನ್ನು ಕೂಡಿಸುವ ಇಚ್ಛೆಯುಳ್ಳವನಿಗೆ ಬರ್ಲಿನ್ನಿನಲ್ಲಿ ಒಂದು ಆಸರೆಯುಂಟು: ಸತ್ತವರ, ಗಾಯಾಳುಗಳ, ಕೊರಳ ಬಿಲ್ಲೆಗಳ ಪಟ್ಟಿಗಳನ್ನು ಇಟ್ಟುಕೊಳ್ಳಲು 1939ರ ಆಗಸ್ಟಿನಲ್ಲೇ ಆರಂಭವಾದ ಸೈನಿಕ ಮಾಹಿತಿ ಕಚೇರಿ. 2019ರಿಂದ ಅದು ಜರ್ಮನಿಯ ರಾಷ್ಟ್ರೀಯ ಪತ್ರಾಗಾರದ ಅಂಗವಾಗಿದೆ.

ಕೊನೆಗೊಂದು ವಿಷಯ, ಅದನ್ನು ಹೇಳದಿದ್ದರೆ ಇಷ್ಟು ಹೊತ್ತು ಹೇಳಿದ್ದೆಲ್ಲ ಅರ್ಧಸತ್ಯವಾದೀತು. ಕ್ರೀಟಿನ ರೈತರು, ಹೆಂಗಸರು, ಪಾದ್ರಿಗಳು ಕೈಗೆ ಸಿಕ್ಕ ಕೋವಿ ಕುಡುಗೋಲುಗಳಿಂದ ಪ್ಯಾರಾಚೂಟಿನವರನ್ನು ಎದುರಿಸಿದ್ದಕ್ಕೆ ಪ್ರತೀಕಾರ ತೀರಿಸಬೇಕೆಂದು ಸ್ಟುಡೆಂಟ್ ಮೇ 31ರಂದು ಆಜ್ಞೆ ಹೊರಡಿಸಿದ. ಜೂನ್ 2ರಂದು ಮಾಲೆಮೆಗೆ ಸಮೀಪದ ಕೊಂಡೊಮರಿ ಗ್ರಾಮದ ಗಂಡಸರನ್ನು ಆಲಿವ್ ತೋಪಿಗೆ ಕರೆದೊಯ್ದು ಗುಂಡಿಟ್ಟು ಕೊಂದರು. ಮಾರನೆಯ ದಿನ ಕಂಡನೊಸ್ ಊರನ್ನು ನೆಲಸಮ ಮಾಡಿದರು. ಕೊಂಡೊಮರಿಯಲ್ಲಿ ಗುಂಡು ಹಾರಿಸಿದ ತುಕಡಿಯನ್ನು ನಡೆಸಿದವನು ಓಬೆರ್‌ಲಾಯ್ಟ್‌ನಂಟ್ ಹೋರ್ಸ್ಟ್ ಟ್ರೇಬೆಸ್. ಐದು ವಾರಗಳು ಕಳೆದು, ಜುಲೈ 9ರಂದು, ಮಾಲೆಮೆಯ ಕದನಕ್ಕಾಗಿ ಅವನಿಗೆ ಐರನ್ ಕ್ರಾಸ್ ವರ್ಗದ ನೈಟ್ಸ್ ಕ್ರಾಸ್ ಎಂಬ ಉನ್ನತ ಗೌರವ ಸಂದಿತು. 1944ರಲ್ಲಿ ನಾರ್ಮಂಡಿಯಲ್ಲಿ ಅವನು ಮಡಿದ. ಆ ಕೊಲೆಯನ್ನು ಮೊದಲಿನಿಂದ ಕಡೆಯವರೆಗೆ ಚಿತ್ರ ತೆಗೆದವನು ಅದೇ ಸೇನೆಯ ಫೋಟೋಗ್ರಾಫರ್ ಫ್ರಾಂಜ್-ಪೀಟರ್ ವೈಕ್ಸ್‌ಲರ್. ಕ್ರೀಟಿನ ಚಿತ್ರಗಳನ್ನು ಹೊರಗೆ ಬಿಟ್ಟನೆಂಬ ಆಪಾದನೆ ಸೇರಿದಂತೆ ರಾಜದ್ರೋಹದ ಮೊಕದ್ದಮೆ ಅವನ ಮೇಲೆ ಬಿದ್ದು, ಸೆರೆವಾಸವಾಯಿತು. ಯುದ್ಧ ಮುಗಿದ ಮೇಲೆ ಅವನು ಕೊಟ್ಟ ಹೇಳಿಕೆ ನ್ಯೂರೆಂಬರ್ಗಿನ ವಿಚಾರಣೆಯ ಕಡತ ಸೇರಿತು; ಅವನ ಚಿತ್ರಗಳು 1980ರಲ್ಲಿ ಗ್ರೀಕ್ ಪತ್ರಕರ್ತನೊಬ್ಬನ ಶೋಧದಿಂದ ಜರ್ಮನ್ ಪತ್ರಾಗಾರದಲ್ಲಿ ಬೆಳಕಿಗೆ ಬಂದುವು. ಪ್ರಶಸ್ತಿಪತ್ರ ಮಾಡಿದ ಕೆಲಸವನ್ನು ಹೇಳದಿರುವ ಪದ್ಧತಿಯಲ್ಲಿ ಮಾಲೆಮೆಯ ಪರಾಕ್ರಮದೊಡನೆ ಕೊಂಡೊಮರಿಯ ಕೊಲೆಯೂ ಮರೆಯಾಗಲು ಅಡ್ಡಿಯಿರಲಿಲ್ಲ. ಅದನ್ನು ಬಯಲಿಗೆಳೆದದ್ದು ಬೇರೆಯೇ ಜಾತಿಯ ದಾಖಲೆ.

ಆದ್ದರಿಂದ ತೋಳುಪಟ್ಟಿಯ ಹಾಳೆಯನ್ನು ಹೊಂದಿದವರೆಲ್ಲರೂ ಕೊಲೆಗಡುಕರೆನ್ನಬೇಕೆ? ಹಾಗೆನ್ನುವುದು ಅನ್ಯಾಯ, ಮೇ 20ರ ಬೆಳಗ್ಗೆ ಆಲಿವ್ ಮರದ ಕೊಂಬೆಯಲ್ಲಿ ಸಿಕ್ಕಿಬಿದ್ದು ಆಸ್ಪತ್ರೆ ಸೇರಿದ ಹುಡುಗನೂ ಆ ಪಟ್ಟಿಗೆ ಅರ್ಹನೇ. ಅವನ ಗಾಯದ ಪತ್ರ ಮೇ 20ನ್ನು ತೋರಿಸುತ್ತಿದ್ದರೆ ಅವನು ಜೂನ್ 2ರಂದು ಆ ತೋಪಿನಲ್ಲಿ ಇದ್ದಿರಲಾರನೆಂದು ನಾವು ಬಹುಮಟ್ಟಿಗೆ ನಂಬಬಹುದು. ಟ್ರೇಬೆಸ್ ನಡೆಸುತ್ತಿದ್ದ ದಳದವನಾಗಿ, ಗಾಯವಿಲ್ಲದೆ, ಜೂನ್ ತಿಂಗಳೆಲ್ಲ ದ್ವೀಪದಲ್ಲೇ ಇದ್ದವನ ಕಟ್ಟಾದರೆ, ಸಂಗ್ರಾಹಕನು ಅದನ್ನು ತನ್ನ ಪಟ್ಟಿಯಲ್ಲಿ ನಮೂದಿಸುವಾಗ ಪದಕದ ಹೆಸರಿನ ಕೆಳಗೆ ಕೊಂಡೊಮರಿಯ ಹೆಸರನ್ನೂ ಆ ದಿನಾಂಕವನ್ನೂ ಬರೆದಿಡಬೇಕು. ಆಪಾದನೆಯಾಗಿ ಅಲ್ಲ, ಮುಂದೆ ಅದನ್ನು ಓದುವವನು ಯಾವ ಪ್ರಶ್ನೆಯಿಂದ ಆರಂಭಿಸಬೇಕೆಂಬ ಸೂಚನೆಯಾಗಿ. ಹರಾಜಿನ ಪಟ್ಟಿಗಳಲ್ಲಿ ಪದಕದ ದರ್ಜೆಯನ್ನೂ ಹಾಳೆಯ ಮಡಿಕೆಗಳನ್ನೂ ಮೊಹರಿನ ಸ್ಪಷ್ಟತೆಯನ್ನೂ ಸಾಲುಸಾಲಾಗಿ ವರ್ಣಿಸುತ್ತಾರೆ. ಆ ಊರಿನ ಹೆಸರಿಗೂ ಅಲ್ಲಿ ಒಂದು ಸಾಲು ಜಾಗವಿದೆ.